ಲಾಭ, ಎರಡು

ರಾಣೆಬೆನ್ನೂರಿನ ಮಂಡಿಯಲ್ಲಿ ನಮ್ಮ ಸೋದರಮಾವ
ಜೋಳ ಅಳೆಯುವಾಗ ಒಂದು ಅನ್ನುತ್ತಿರಲಿಲ್ಲ.
ಲಾಭ, ಅನ್ನುತ್ತಿದ್ದ. ಆಮೇಲೆ ಎರಡು, ಮೂರು.
ಒಂದು ಅಂದರೆ ಒಂದಕ್ಕೇ ನಿಂತುಬಿಡುತ್ತದಂತೆ.

ಜೀಲಾಂಗಿನ ಭಾನುವಾರದ ಸಂತೆಯಲ್ಲಿ
ಕಾರಿನ ಡಿಕ್ಕಿ ತೆರೆದು, ಮಡಿಚುವ ಮೇಜು ಹಾಕಿ,
ಸಾಣೆಕಲ್ಲಿಗೆ ನೀರು ಹನಿಸಿ ಕೂತಿದ್ದೇನೆ
ಏಳೂವರೆಯಿಂದ.
ರಟ್ಟಿನ ಮೇಲೆ ನೀಲಾಂಬಿಕೆಯ ಅಕ್ಷರ:
ಚಾಕು, ಕತ್ತರಿ, ಗಿಡ ಸವರುವ ಕತ್ತಿ. ಯಾವುದಾದರೂ ಎಂಟು ಡಾಲರ್.
ಜುಲೈ ತಿಂಗಳು. ಕೊಲ್ಲಿಯ ಗಾಳಿಗೆ
ರಟ್ಟು ಬೀಳುತ್ತದೆ, ಎತ್ತಿಡುತ್ತೇನೆ, ಬೀಳುತ್ತದೆ.

ಈ ಕೈಗೆ ಚಾಕು ಕಲಿಸಿದ್ದು ಮಾಂಸದ ಕಾರ್ಖಾನೆ.
ಲಿಂಗ ಕಟ್ಟಿದ ಎದೆಯ ಮೇಲೆ ಪ್ಲಾಸ್ಟಿಕ್ಕಿನ ಏಪ್ರನ್,
ನಾಲ್ಕು ವರ್ಷ, ಬೆಳಗಿನ ಜಾವದ ಪಾಳಿ.
ಪ್ಯಾಕಿಂಗ್ ಕೆಲಸ ಎಂದಿದ್ದೆ ಅವ್ವನಿಗೆ.
ಬಿಸ್ಕೀಟೇನೋ? ಎಂದಳು.
ಹೂಂ, ಅಂದೆ.
ಕೆಲಸದಿಂದ ತೆಗೆದ ದಿನ ಮಾತ್ರ
ನಿಜವಾಗಿಯೂ ಬಿಸ್ಕೀಟು ಇತ್ತು:
ಒಂಬತ್ತು ಜನರನ್ನು ಸಾಲಾಗಿ ಕೂರಿಸಿ
ತಟ್ಟೆ ಮುಂದಿಟ್ಟು ಮಾತು ಶುರು ಮಾಡಿದರು.
ಯಾರೂ ಮುಟ್ಟಲಿಲ್ಲ. ನಾನು ಎರಡು ತಿಂದೆ.

ಅದಕ್ಕೂ ಮೊದಲು ರತ್ನಗಂಬಳಿ ಗಿರಣಿ; ಮುಚ್ಚಿತು.
ಆಮೇಲೆ ಒಂದು ಗೋದಾಮು;
ಬೆನ್ನು ಹಿಡಿಯಿತು, ಅವರು ಬಿಟ್ಟರು.

ಸಾಲದ ಕಥೆ ಉದ್ದ ಮಾಡುವುದಿಲ್ಲ.
ಒಂದು ಕಾರ್ಡಿನ ಬಾಯಿಗೆ ಇನ್ನೊಂದರಿಂದ ತುತ್ತಿಟ್ಟೆ,
ತಿಂಗಳ ಕೊನೆಗೆ ಎರಡೂ ಹಸಿದೇ ಇದ್ದವು.
ಎಂಟು ಐವತ್ತಕ್ಕೆ ಸರಿಯಾಗಿ ಫೋನು. ಬಹಳ ವಿನಯದ ಹುಡುಗಿ,
ನನ್ನ ಹೆಸರನ್ನು ಮೂರು ತುಂಡು ಮಾಡಿ ಕರೆಯುತ್ತಿದ್ದಳು:
ಗುಡ್. ಡಾ. ಪಾ.
ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ,
ಡಬ್ಬಿಯೇ ನಡುಗಿತು.

ನೀಲಾಂಬಿಕೆ ಒಮ್ಮೆ ಅಕ್ಕಿಗೆಂದು ಕೈಹಾಕಿ
ಅದನ್ನೆತ್ತಿ ಮಾತಾಡಿದಳು.
ಎಷ್ಟು, ಯಾರಿಗೆ, ಯಾವಾಗಿಂದ,
ಎಲ್ಲ ಪೆನ್ಸಿಲಿನಲ್ಲಿ ಬರೆದುಕೊಂಡಳು ಹಾಲಿನ ರಟ್ಟಿನ ಮೇಲೆ.
ಆಮೇಲೆ ಅನ್ನಕ್ಕಿಟ್ಟಳು.
ಬೈದಿದ್ದರೆ ಊಟ ಇಳಿಯುತ್ತಿತ್ತು.

ಸಾಣೆಯಂತ್ರ ಮುಚ್ಚಿದ ಶಾಲೆಯೊಂದರ ಹರಾಜಿನದು,
ನೂರಾ ಹತ್ತು ಡಾಲರ್:
ವೃದ್ಧರ ಮನೆಯಲ್ಲಿ ಅವಳ ಒಂದು ಹೆಚ್ಚಿನ ರಾತ್ರಿ.
ಚಕ್ರ ತಿರುಗುವಾಗಲೆಲ್ಲ ಯಾರೋ ಕೆಮ್ಮುತ್ತಾರೆ,
ಯಾರದೋ ಮಗ್ಗುಲು ಬದಲಿಸುತ್ತಾಳೆ ಅವಳು.

ಹತ್ತೂವರೆಗೆ ಬಂದಳು ಒಬ್ಬ ಮುದುಕಿ,
ಕ್ರೊಯೇಷಿಯಾದವಳು, ಯಗೋದಾ.
ಪೇಪರು ಬಿಚ್ಚಿದರೆ ಸವೆದು ಸವೆದು
ಬಿದಿಗೆಯ ಚಂದ್ರನಷ್ಟಾದ ಚಾಕು.
ಗಂಡ ಶನಿವಾರ ಶನಿವಾರ ಮಸೆಯುತ್ತಿದ್ದನಂತೆ ಬಾಗಿಲಲ್ಲಿ ಕೂತು.
ಈಗ ಯಾವ ಶನಿವಾರವೂ ಇಲ್ಲ, ಅಂದಳು.

ಮಸೆದು ಕೊಟ್ಟೆ. ಚೀಲದಿಂದ
ಟೊಮೆಟೊ ತೆಗೆದಳು, ಮನೆಯಿಂದಲೇ ತಂದದ್ದು!
ಸಿಪ್ಪೆಯ ಮೇಲಿಟ್ಟು ನೋಡಿ, ತಲೆಯಾಡಿಸಿ,
ಇದು ಇನ್ನೂ ಯೋಚನೆ ಮಾಡುತ್ತಿದೆ, ಅಂದಳು.

ಮತ್ತೆ ಕೂತೆ.
ಕಿವಿ ಬಿಸಿಯಾಯಿತು. ನಲವತ್ತೊಂಬತ್ತು ವರ್ಷದವನು,
ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಹಾಗೆ
ಬೆರಳ ತುದಿಯಲ್ಲಿ ಅಲಗಿನ ಮಾತು ಕೇಳುತ್ತಾ.
ಎರಡನೇ ಸಲ ಟೊಮೆಟೊ
ತನಗೇ ತಿಳಿಯದಂತೆ ಎರಡಾಯಿತು.
ಅರ್ಧ ನನಗೆ ಕೊಟ್ಟಳು. ಉಪ್ಪಿರಲಿಲ್ಲ.

ಹತ್ತರ ನೋಟು ಚಾಚಿದಳು.
ಚಿಲ್ಲರೆ ತರುವುದನ್ನೇ ಮರೆತಿದ್ದೆ;
ಚಿಲ್ಲರೆ ಬೇಕಾಗುತ್ತದೆ ಎಂದು
ನಂಬಿರಲಿಲ್ಲವೋ ಏನೋ.
ಇರಲಿ, ಸಾಲ, ಅಂದಳು. ಎರಡು ಡಾಲರ್ ನನಗೆ ಕೊಡಬೇಕು ನೀನು.
ಮುಂದಿನ ವಾರ ಕತ್ತರಿ ತರುತ್ತೇನೆ.

ಹೊಸ ಪುಸ್ತಕದ ಮೊದಲ ಹಾಳೆ,
ಎಡಕ್ಕೆ ಬರೆದೆ: ಲಾಭ.
ಬಲಕ್ಕೆ: ಯಗೋದಾಗೆ, ಎರಡು.
ಇಷ್ಟು ವರ್ಷದಲ್ಲಿ ಮೊದಲ ಸಲ
ನನ್ನ ಸಾಲದ ಮೊತ್ತವನ್ನು ಪೂರ್ತಿ, ಜೋರಾಗಿ ಓದಿದೆ.
ಪಕ್ಕದ ಜೇನಿನವನು ತಿರುಗಿ ನೋಡಿದ.

ರಟ್ಟು ಬಿತ್ತು. ಎತ್ತಿಟ್ಟೆ.