ನೀರಿಗೆ ಸೊನ್ನೆ

ನರಿನ್ ಊರಿನ ಆಸ್ಪತ್ರೆ, ಫೆಬ್ರವರಿ, ಬೆಳಗಿನ ಎಂಟು.
ಹೊರಗೆ ಮೈನಸ್ ಇಪ್ಪತ್ತಾರು. ಒಳಗೆ
ಹದವಾದ ಬಿಸಿ ಯಂತ್ರಕ್ಕೆ ಮಾತ್ರ; ನಮಗೆ ಸ್ವೆಟರು.
ಮೊದಲ ಹೆಸರು ಸಗಿನ್‌ಬಾಯ್, ಅರವತ್ತೆಂಟು, ಕುರಿಗಾರ,
ಬಲಪಕ್ಕೆಯ ಕೆಳಗೆ ಭಾರ, ಎರಡು ವರ್ಷದಿಂದ.
ಎರಡು ವರ್ಷ ಯಾಕೆ ಸುಮ್ಮನಿದ್ದಿರಿ ಅಂದರೆ
'ಕುರಿ ಈಯುವ ಕಾಲ' ಅಂದ,
ಎರಡು ವರ್ಷವೂ ಅವು ಈಯುತ್ತಲೇ ಇದ್ದವು ಎಂಬಂತೆ.

ಲೋಹ ತೆಗೆಯಬೇಕು ಅಂದೆ.
ಬೆಳ್ಳಿ ಬಕಲಿನ ಬೆಲ್ಟು ಬಿಚ್ಚಿದ, ಬೂಟಿನೊಳಗಿಂದ ಚಾಕು,
ಒಳಜೇಬಿನಿಂದ ಲಾಳದ ಮೂರು ಮೊಳೆ,
ಬಾಯಿ ತೆರೆದು ಚಿನ್ನದ ಹಲ್ಲು ತೋರಿಸಿ
'ಇದನ್ನು ನೀನೇ ಕೀಳು ಮಗಳೇ.'
ಇರಲಿ ಅಜ್ಜಾ, ನಾವು ನೋಡುವುದು ಹೊಟ್ಟೆ.
ಬಿಳಿ ಉಣ್ಣೆಯ ಟೊಪ್ಪಿಗೆಯದೇ ರಗಳೆ:
ನೆಲಕ್ಕೆ ಇಡುವಂತಿಲ್ಲ, ಕಾಲ ಕಡೆ ಇಡುವಂತಿಲ್ಲ.
ಕೊನೆಗೆ ಅದು ನನ್ನ ಕುರ್ಚಿಯಲ್ಲಿ ಕೂತಿತು.
ನಾನು ನಿಂತೇ ಕೆಲಸ ಮಾಡಿದೆ.

ದಾನ ಬಂದ ಯಂತ್ರ. ಅದರೊಳಗಿನ ಹೆಣ್ಣುದನಿಗೆ ಬರುವುದು ರಷ್ಯನ್ ಮಾತ್ರ.
'ಉಸಿರಾಡಬೇಡಿ' ಅನ್ನುತ್ತದೆ,
ಇನ್ನೆಂದಿಗೂ ಬೇಡ ಎಂಬ ಧಾಟಿಯಲ್ಲಿ.
ಮುದುಕ ಮಲಗಿದಲ್ಲೇ ಸೆಟೆದ; ಹಳೆಯ ಬ್ಯಾರಕ್ಕಿನ ರಷ್ಯನ್ನಿನಲ್ಲಿ
'ಅಪ್ಪಣೆ!' ಎಂದು ಕೂಗಿದ.
ಕೂಗಲು ಉಸಿರು ಬೇಕು. ಚಿತ್ರ ಕದಡಿತು.
ಈ ಸಲ ಮೈಕಿನಲ್ಲಿ ನಾನೇ, ನಮ್ಮ ಮಾತಿನಲ್ಲಿ:
ತೋಳ ಹತ್ತಿರದಲ್ಲಿದೆ ಅಜ್ಜಾ, ಅಲುಗಬೇಡ.

ಅಲುಗಲಿಲ್ಲ.

ಸೀಸದ ಗಾಜಿನ ಈಚೆ ನಾನು. ಆಚೆ ಆ ದೊಡ್ಡ ಬಳೆ ಗಿರಗಿರ.
ಪರದೆಯ ಮೇಲೆ ಮನುಷ್ಯ ಹಾಳೆ ಹಾಳೆಯಾಗಿ ಬಂದ,
ಅವನ ಬಲ ನನ್ನ ಎಡಕ್ಕೆ.
ಯಂತ್ರದ ಲೆಕ್ಕದಲ್ಲಿ ನೀರಿಗೆ ಸೊನ್ನೆ,
ಗಟ್ಟಿ ಎಲುಬಿನ ಗಂಟಿನಲ್ಲಿ ಸಾವಿರ,
ಕೊಬ್ಬಿಗೆ ನೂರು ಸಾಲ,
ಗಾಳಿಯ ತಲೆಯ ಮೇಲೆ ಸಾವಿರ ಸಾಲ.
ಒಂಬತ್ತನೆಯ ಪಕ್ಕೆಲುಬು ಮುರಿದು ಸೊಟ್ಟಗೆ ಕೂಡಿದೆ
(ಕುದುರೆ ಒದ್ದದ್ದಿರಬೇಕು, ಯಾರೂ ಕೇಳಿಲ್ಲ).
ಆಮೇಲೆ ಲಿವರು. ಅದರಲ್ಲೊಂದು ಗುಂಡಗಿನ ಕತ್ತಲೆ, ಅಂಗೈಯಗಲ,
ಅದರ ಹೊಟ್ಟೆಯಲ್ಲಿ ಹತ್ತು ಹನ್ನೆರಡು ಮರಿಕತ್ತಲೆ.
ಗುರುತಿಟ್ಟು ಅಳೆದೆ. ಎಂಟು. ಸೊನ್ನೆಯ ನೆರೆಮನೆ.
ಬರೀ ನೀರು.

ಹೇಳುವ ಅಧಿಕಾರ ನನಗಿಲ್ಲ.
ಹೇಳುವವರು ಬಿಷ್ಕೆಕ್‌ನಲ್ಲಿ, ಸಂಜೆ ನೋಡುತ್ತಾರೆ.
ಟೊಪ್ಪಿಗೆಗೆಂದು ಒಳಬಂದವನು ಪರದೆಯ ಮುಂದೆ ನಿಂತ.

'ಯಾವ ಕುರಿ ಇದು?'

ನಾನು ಪರದೆ ಆರಿಸಬೇಕಿತ್ತು.

'ಈಲಿ ತಾನೆ? ಐವತ್ತು ವರ್ಷ ಕುಯ್ದ ಕೈ.
ಹತ್ತರಲ್ಲಿ ಮೂರಕ್ಕೆ ಇಂಥ ನೀರುಗುಳ್ಳೆ,
ಚಾಕುವಿನ ತುದಿ ತಾಗಿದರೆ ಕಣ್ಣಿಗೆ ಚಿಮ್ಮುತ್ತದೆ.'

ಅಂಥ ಈಲಿ ಏನು ಮಾಡುತ್ತಿದ್ದಿರಿ?

'ಮನುಷ್ಯರು ತಿನ್ನುವಂಥದ್ದಲ್ಲ.
ನಾಯಿಗೆ ಎಸೆ...'

ನಾಯಿ, ನಾಯಿಯ ನಾಲಿಗೆ, ಅದು ನೆಕ್ಕಿದ ಮೈಗೂದಲು,
ಕೂದಲು ಸವರಿದ ಕೈ, ಆ ಕೈ ಮುರಿದ ರೊಟ್ಟಿ.
ಕಾಲೇಜಿನ ಪಟದಲ್ಲಿ ಈ ದಾರಿಗೆ ಕೆಂಪು ಬಾಣಗಳಿದ್ದವು.
ಅವನು ಬಾಣವಿಲ್ಲದೆ ನಡೆದು ಬಂದ. ಒಂದು ನಿಮಿಷ ಹಿಡಿಯಿತು.

'ಹಾಗಾದರೆ ಎಸೆದದ್ದು ನಾನೇ' ಅಂದ.
ಟೊಪ್ಪಿಗೆ ಇಟ್ಟುಕೊಂಡ. ಬಾಗಿಲಲ್ಲಿ ತಿರುಗಿ
'ಕುಯ್ಯದೆಯೇ ನೋಡಿದೆಯಲ್ಲ, ಮೆಚ್ಚಿದೆ.
ತೊಗಲು ಹಾಳಾಗಲಿಲ್ಲ.'

ಬೆಲ್ಟು ಮರೆತಿದ್ದ. ಹಿಡಿದು ಓಡಿದೆ.
ಹಳೆಯ ಕಾರು, ಮಂಜುಗಟ್ಟಿದ ಹಿಂಗಾಜು,
ಅದಕ್ಕೊತ್ತಿದ ಒದ್ದೆ ಮೂಗು.
'ಇವನೇ ಬೋರಿಬಾಸರ್' ಎಂದು ಬಾಗಿಲು ತೆಗೆದ,
ಅಪರಾಧಿಯನ್ನಲ್ಲ, ನೆಂಟನನ್ನು ತೋರಿಸುವಂತೆ.
ಗಾಡಿಯಷ್ಟಗಲದ ನಾಯಿ ನಾಲಿಗೆ ಚಾಚಿತು.

ನನ್ನ ಕೈ ಮುಂದೆ ಹೋಗಿ ಅರ್ಧದಲ್ಲಿ ನಿಂತಿತು,
ಯಾರೋ ಒಳಗಿಂದ ಉಸಿರಾಡಬೇಡಿ ಅಂದ ಹಾಗೆ.

ಆಮೇಲೆ ಕಿವಿಯ ಹಿಂದೆ ಕೆರೆದೆ.
ಆಮೇಲೆ ಒಳಗೆ ಬಂದು ಸಾಬೂನು ಹಚ್ಚಿ
ಎರಡು ಸಲ ತೊಳೆದೆ, ಮೊಣಕೈವರೆಗೆ.
ಎರಡನೆಯ ಹೆಸರು ಕರೆದೆ.