ಐವತ್ತು ಓಮ್

ಗುತ್ತಲು ರಸ್ತೆ, ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ಕೆಳಗೆ ರಾಗಿ ಬೀಸುವಾಗೆಲ್ಲ ಮೇಲೆ
ಎರಡು ಹಳೇ ಕಂಪ್ಯೂಟರುಗಳ ಗಾಜು ನಡುಗುತ್ತದೆ.
ತೊಂಬತ್ತಾರರಲ್ಲಿ ಕೊಂಡವು. ಸಾಲ ತೀರಿತು,
ತರಬೇತಿ ಕೇಂದ್ರ ಮುಚ್ಚಿತು, ಬೋರ್ಡು ಮಾತ್ರ
'ಇಂದೇ ಸೇರಿಕೊಳ್ಳಿ' ಅನ್ನುವುದನ್ನು ಬಿಟ್ಟಿಲ್ಲ.

ಒಂದರ ಡಿಸ್ಕು ಈಗೀಗ ಕೀರಲು ಕೂಗುತ್ತಿದೆ,
ಎಣ್ಣೆ ಕಾಣದ ಗಾಡಿಯಚ್ಚಿನ ಹಾಗೆ.
ಒಮ್ಮೆ ನಿಂತರೆ ಮತ್ತೆ ತಿರುಗೀತೆಂಬ ಭರವಸೆಯಿಲ್ಲ.
ಒಳಗಿರುವುದು ಮೂವತ್ತೆಂಟು ಎಂಬಿ,
ಮಕ್ಕಳು ಕುಟ್ಟಿ ಕಲಿತ ಪುಟಗಳು, ತಲೆಗೊಂದು ಫೈಲು.
ಹೆಸರಿಗೆ ಎಂಟೇ ಇಂಗ್ಲಿಷ್ ಅಕ್ಷರದ ಜಾಗ.
ಮಹದೇವಸ್ವಾಮಿ ಸ್ವಾಮಿತನ ಕಳೆದುಕೊಂಡು ಬರೀ ಮಹದೇವ.
ಚೆಲುವಮ್ಮಣ್ಣಿಯನ್ನು ಎಂಟಕ್ಕೆ ಕಡಿದರೆ ಚೆಲುವಂ.
ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೇ ಫೇಲಾಗಿದ್ದ ಹುಡುಗಿ
ಹಳಗನ್ನಡವಾಗಿ ಕೂತಿದ್ದಾಳೆ.

ನಿನ್ನೆ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ಲು ಸಿಕ್ಕಿಸಿ ನೋಡಿದೆ.
ಹನ್ನೊಂದು ಗಂಟೆ ಬೇಕೆಂದು ಲೆಕ್ಕ ಬಂತು.
ಕರೆಂಟು ಮೂರಕ್ಕೆ ಹೋಗುತ್ತದೆ,
ಅದರ ಲೆಕ್ಕದಲ್ಲಿ ತಪ್ಪು ಬಂದಿದ್ದೇ ಇಲ್ಲ.

ಗುಜರಿಯ ಮುನೀರ ತೂಕದ ಮೇಲೆ ಕೊಟ್ಟ:
ಯಾವುದೋ ಬ್ಯಾಂಕು ಬಿಸಾಕಿದ ಕರೀ ಕೇಬಲ್ಲು, ಮೂರು ಮಾರು,
ಟಿ ಆಕಾರದ ಎರಡು ಕೊಂಡಿ,
ಎರಡು ನೆಟ್‌ವರ್ಕ್ ಕಾರ್ಡು, ಒಂದರ ಮೇಲೆ ಹಲ್ಲಿಮೊಟ್ಟೆಯ ಸಿಪ್ಪೆ.
'ಏನ್ ಟೀಚರ್, ಹಳೇ ಟೀವಿಗಾ?' ಅಂದ.
ಹೂಂ ಅಂದೆ.

ಹುಬ್ಬು ಕೀಳುವ ಚಿಮಟದಲ್ಲಿ ಜಂಪರನ್ನೆತ್ತಿ
ಒಂದು ಮನೆ ಆಚೆ ಕೂರಿಸಿದೆ, ಚೌಕಾಬಾರದ ಕಾಯಿಯಂತೆ.
ತಂತಿಯ ತುದಿಗೆ ಹಾಕುವ ಬಿರಡೆ ಒಂದೇ ಸಿಕ್ಕಿತ್ತು.
ಎರಡೂ ತುದಿಗೆ ಬೇಕು. ತುದಿ ಬಾಯಿಬಿಟ್ಟಿದ್ದರೆ
ಹೋದ ಮಾತು ಅಲ್ಲಿಗೆ ಬಡಿದು ವಾಪಸಾಗಿ
ಹಿಂದೆ ಬರುತ್ತಿದ್ದ ಮಾತಿಗೇ ಡಿಕ್ಕಿ.
ನೂರು ಓಮಿನ ರೆಸಿಸ್ಟರು ಎರಡನ್ನು
ಅವಳಿಯಂತೆ ಪಕ್ಕಪಕ್ಕ ಮಲಗಿಸಿ ಬೆಸೆದೆ.
ಐವತ್ತಾಯಿತು. ಬೆರಳಿನ ತುದಿಯೂ ಸುಟ್ಟಿತು.

ಗಿರಣಿ ಕಾಯುವ ಮಂಚಯ್ಯ ಮೆಟ್ಟಿಲ ಮೇಲಿಂದ ನೋಡುತ್ತಿದ್ದ,
ನಲವತ್ತು ವರ್ಷ ನಾಲೆಗೆ ನೀರುಗಂಟಿಯಾಗಿದ್ದವನು.
'ಎಲ್ಡೂ ಒಂದೇ ಕಾಲ್ವೇಲಿ ಬಿಡ್ತವಾ? ಸರದಿ ಹಾಕೋರ್ ಯಾರವ್ವಾ?'
ಯಾರೂ ಇಲ್ಲ, ಅಂದೆ. ಇಬ್ಬರೂ ಒಟ್ಟಿಗೆ ಬಾಯಿ ತೆಗೆದರೆ
ಇಬ್ಬರೂ ಸುಮ್ಮನಾಗುತ್ತಾರೆ.
ಮನಸ್ಸಿಗೆ ಬಂದಷ್ಟು ಎಣಿಸುತ್ತಾರೆ, ಇವನೊಂದು ಅವನೊಂದು ಎಣಿಕೆ.
ಮೊದಲು ಮುಗಿಸಿದವನು ಮಾತಾಡುತ್ತಾನೆ.
ನಕ್ಕ ನಗೆಗೆ ಮುದುಕನಿಗೆ ಕೆಮ್ಮು ಹತ್ತಿತು.
'ಕಟ್ಟುನೀರ್ನಾಗೆ ತೂಬಿನ್ ತಾವ ಹಿಂಗೆ ಎಣಿಸಿದ್ರೆ
ಇದ್ಯಾಕಾಯ್ತಿತ್ತು' ಎಂದು ವಲ್ಲಿ ಸರಿಸಿ
ತಲೆಯ ಹೊಲಿಗೆ ತೋರಿಸಿದ. ಏಳು.

ಎಂಟರ್ ಒತ್ತಿದೆ.
ಕಾರ್ಡಿನ ಬೆನ್ನಲ್ಲಿ ಹಸಿರು ಚುಕ್ಕಿ ಮಿಟುಕಿತು,
ಆಮೇಲೆ ಮಿಟುಕುವುದಕ್ಕೂ ಪುರಸೊತ್ತಿಲ್ಲದೆ ಉರಿಯಿತು.
ಹೆಸರುಗಳು ಪರದೆಯ ಮೇಲೆ ಓಡಿದವು,
ಬೆಲ್ಲು ಹೊಡೆದಾಗ ಮೆಟ್ಟಿಲಿಳಿಯುತ್ತಿದ್ದ ಹಾಗೆಯೇ,
ಒಬ್ಬರ ಮುಖವೂ ಸರಿಯಾಗಿ ಕಾಣಲಿಲ್ಲ.
ನಾಲ್ಕು ನಿಮಿಷ.

ದಿನವಿಡೀ ಕೂರಬೇಕಾದೀತೆಂದು ಬುತ್ತಿ ತಂದಿದ್ದೆ.
ಉಪ್ಪೆಸರು, ಎರಡು ಮುದ್ದೆ. ಮಂಚಯ್ಯನಿಗೊಂದು ಕೊಟ್ಟೆ.
ಉಳಿದ ಹೊತ್ತನ್ನು ಎಲ್ಲಿಡುವುದೋ ತಿಳಿಯದೆ
ಹೊಸ ಮನೆ ಸೇರಿದ ಚೆಲುವಂ ಫೈಲನ್ನು ತೆರೆದೆ.
ರಜೆಯ ಅರ್ಜಿ, ನಲವತ್ತು ಸಲ:
ಮಾನ್ಯರೇ, ಹೊಟ್ಟೆನೋವಿನ ಪ್ರಯುಕ್ತ
ಮಾನ್ಯರೇ, ಹೊಟ್ಟೆನೋವಿನ ಪ್ರಯುಕ್ತ
ಕಡೆಯದರಲ್ಲಿ ಒಂದೂ ತಪ್ಪಿಲ್ಲ:
ಮಾನ್ಯರೇ, ಹೊಟ್ಟೆನೋವು ಇಲ್ಲ. ಸುಮ್ಮನೆ.
ನಾನು ಅವತ್ತು ಇದನ್ನು ಓದದೆ
ಹತ್ತಕ್ಕೆ ಎಂಟು ಕೊಟ್ಟಿರಬೇಕು.

ಮೂರಕ್ಕೆ ಕರೆಂಟು ಹೋಯಿತು.
ಕೀರಲು ಇಳಿಯುತ್ತಾ ಇಳಿಯುತ್ತಾ, ನೊಣದಷ್ಟಾಗಿ
ನಿಂತಿತು. 'ಹೋಯ್ತಾ?' ಅಂದ ಮಂಚಯ್ಯ, ಕೈ ತೊಳೆಯುತ್ತ.
ಕೆಳಗೆ ಯಾರದೋ ರಾಗಿ
ಅರ್ಧ ಹಿಟ್ಟಾಗಿ, ಅರ್ಧ ಕಾಳಾಗಿ ಕಾಯುತ್ತಿತ್ತು.