ಕೊಯ್ದ ತುದಿ

ಕುಟ್‌ಬಣ ಜೆಟ್ಟಿಯ ಹಿಂದಿನ ಕೆಸರಲ್ಲಿ
ಮೂರು ಗೂಟ ನೆಟ್ಟಿದ್ದ ಕಾಯ್ತಾನ್ ಮೇಸ್ತ್ರಿ:
ಒಂದಕ್ಕೆ ಕುಂಚದಲ್ಲಿ ಬಳಿದ ಗೇರುಸಿಪ್ಪೆಯೆಣ್ಣೆ,
ಒಂದು ಅದೇ ಎಣ್ಣೆಯ ಪೀಪಾಯಿಯಲ್ಲಿ
ಎಂಟು ದಿನ ಮುಳುಗಿದ್ದದ್ದು,
ಇನ್ನೊಂದು ವೆರ್ಣಾದ ಕಾರ್ಖಾನೆಯಲ್ಲಿ
ಒತ್ತಡಕ್ಕೆ ಸಿಕ್ಕಿ
ಹಸಿರು ಮದ್ದು ಕುಡಿದು ಬಂದದ್ದು.

ಎರಡು ಮಳೆಗಾಲ ಬಿಟ್ಟು ಕಿತ್ತೆವು.
ಬಳಿದದ್ದು ಹೊರಗೆ ಮಿರಮಿರ,
ಉಗುರು ಊರಿದರೆ
ಚಹಾದಲ್ಲಿ ಅದ್ದಿದ ಪಾವು.
ಮುಳುಗಿದ್ದದ್ದು ಅರ್ಧ ಗಟ್ಟಿ.
‘ಹಸಿರಿನದು ನೋಡು, ಯಮನೂರಿ.’
ನೋಡಿದೆ. ಬುಡ ಕಬ್ಬಿಣ.
ತಲೆಗೆ ಬಿಳಿ ಬೂಷ್ಟು, ನಡುವೆ ಟೊಳ್ಳು.

ಉದ್ದವಾಯಿತೆಂದು ಗೇಣಷ್ಟು
ಗರಗಸ ಹಾಕಿದವನು ನಾನೇ.
ಮದ್ದು ಇಳಿಯದ ತಿರುಳು
ಬಾಯಿ ತೆರೆದು ಕೂತಿತ್ತು ಮಳೆಗೆ;
ಒಂದು ತೊಟ್ಟು ಎಣ್ಣೆ ಸವರಿರಲಿಲ್ಲ.

ಕಾಯ್ತಾನ್ ಬೈಯಲಿಲ್ಲ.
ಅಂಗೈ ಸುಡುವ ಆ ಡಬ್ಬಿಯನ್ನು
ಕಾಲಿನಿಂದ ನನ್ನ ಕಡೆ ತಳ್ಳಿ
ಬೀಡಿ ಹಚ್ಚಿದ,
ಸಾಳ್ ನದಿಗೆ ಮುಖಮಾಡಿ.